ಹದ ಎಂದರೆ ಎಷ್ಟು ಗ್ರಾಂ?

ಜುಲೈ ತಿಂಗಳ ಒಂದು ಸಂಜೆ ಒಲೆಯ ಮೇಲೆ ಹಾಲು ಇಟ್ಟಿದ್ದೆ. ಮಳೆ ಹನಿಯತೊಡಗಿದ್ದರಿಂದ ಹಗ್ಗದ ಮೇಲಿನ ಬಟ್ಟೆ ತೆಗೆಯಲು ಹಿತ್ತಲಿಗೆ ಓಡುವ ಮುನ್ನ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗನಿಗೆ "ಹಾಲು ನೋಡ್ಕೋ ಪುಟ್ಟಾ" ಎಂದು ಹೇಳಿ ಹೋದೆ. ತಿರುಗಿ ಬಂದಾಗ ಹಾಲು ಉಕ್ಕಿ ಹರಿದು, ಒಲೆ ಆರಿ, ಕಟ್ಟೆಯಿಂದ ನೆಲಕ್ಕೆ ಬಿಳಿಯ ಧಾರೆ ಇಳಿಯುತ್ತಿತ್ತು. ಮಗ ಪಾತ್ರೆಯಿಂದ ಎರಡಡಿ ದೂರದಲ್ಲಿ, ನಾನು ಬಿಟ್ಟುಹೋದ ಜಾಗದಲ್ಲಿಯೇ ನಿಂತಿದ್ದ. ಮೊಬೈಲು ಕೈಯಲ್ಲಿರಲಿಲ್ಲ, ಅವನ ಗಮನ ಎಲ್ಲಿಯೂ ಹೋಗಿರಲಿಲ್ಲ. ನಾನು ಓಡಿಹೋಗಿ ಒಲೆಯ ಗುಂಡಿ ತಿರುಗಿಸಿ ಕಿಟಕಿ ತೆರೆಯುತ್ತಿದ್ದಾಗ ಅವನು, "ನೋಡ್ಕೋ ಅಂದ್ಯಲ್ಲಮ್ಮ, ನೋಡ್ತಾನೇ ಇದ್ದೆ. ಮೊದಲು ಕೆನೆ ಕಟ್ಟಿತು, ಆಮೇಲೆ ಅದರ ಕೆಳಗೆ ಆವಿ ಸಿಕ್ಕಿಹಾಕ್ಕೊಂಡು ಮೇಲೆ ಬಂತು" ಎಂದು ಕಂಡದ್ದನ್ನು ಕಂಡಂತೆ ವಿವರಿಸಿದ. ಹಾಲು ಏಕೆ ಉಕ್ಕುತ್ತದೆ ಎಂಬುದಕ್ಕೆ ಅವನು ಕೊಟ್ಟ ಕಾರಣ ಸರಿಯಾಗಿಯೇ ಇತ್ತು. "ನೋಡಿಕೋ" ಎಂದರೆ ಉಕ್ಕುವ ಮೊದಲು ಉರಿ ತಗ್ಗಿಸು ಎಂದರ್ಥ ಎಂಬುದನ್ನು ಮಾತ್ರ ಅವನಿಗೆ ಹದಿನೆಂಟು ವರ್ಷಗಳಲ್ಲಿ ಯಾರೂ ಹೇಳಿರಲಿಲ್ಲ.

ಆ ಮಾತು ಅಂದು ನನ್ನನ್ನು ಬಹಳ ಹೊತ್ತು ಕಾಡಿತು. ಏಕೆಂದರೆ ಅದಕ್ಕೆ ಎರಡು ದಿನಗಳ ಹಿಂದೆಯಷ್ಟೇ ಅವನು, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಗುವುದು ಬಹುತೇಕ ಖಚಿತವಾದ ಸಂತೋಷದಲ್ಲಿ, ತಾನೂ ತನ್ನ ಇಬ್ಬರು ಸ್ನೇಹಿತರೂ ಸೇರಿ ಬಾಡಿಗೆಗೆ ಮನೆ ಹಿಡಿದು ಸ್ವತಃ ಅಡುಗೆ ಮಾಡಿಕೊಳ್ಳುವುದಾಗಿ ತಿಳಿಸಿದ್ದ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು ಮುನ್ನೂರು ಕಿಲೋಮೀಟರ್. ಹಾಲು ಉಕ್ಕಿದರೆ ಓಡಿಹೋಗುವಷ್ಟು ಹತ್ತಿರವಲ್ಲ. ತರಗತಿಗಳು ಶುರುವಾಗಲು ಆರು ವಾರ ಉಳಿದಿದ್ದವು.

ಮಗಳು ಅವನಿಗಿಂತ ಆರು ವರ್ಷ ದೊಡ್ಡವಳು, ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ರಾತ್ರಿ ಫೋನಿನಲ್ಲಿ ಹಾಲಿನ ಸುದ್ದಿ ಕೇಳಿ ನಕ್ಕವಳು, ಸ್ವಲ್ಪ ಹೊತ್ತಿನ ಮೇಲೆ ನಗು ನಿಲ್ಲಿಸಿ, "ನನ್ನನ್ನ ಏಳನೇ ಕ್ಲಾಸಿನಲ್ಲೇ ಚಪಾತಿ ಲಟ್ಟಿಸೋಕೆ ಕೂರಿಸಿದ್ದೆಯಲ್ಲಮ್ಮ, ಇವನಿಗೆ ಯಾಕೆ ಕಲಿಸಲಿಲ್ಲ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅವಳೂ ಓದಿನಲ್ಲಿ ಮುಂದಿದ್ದವಳು, ಅವಳಿಗೂ ಪರೀಕ್ಷೆಗಳಿದ್ದವು. ಆದರೂ ಅವನ ವಿಷಯದಲ್ಲಿ ಮಾತ್ರ ನಾನೂ ಅವರಪ್ಪನೂ "ನೀನು ಓದ್ಕೋ, ಮಿಕ್ಕಿದ್ದು ನಾವು ನೋಡ್ಕೋತೀವಿ" ಎನ್ನುತ್ತ ಬಂದೆವು, ತಿಂದ ತಟ್ಟೆಯನ್ನೂ ಅವನು ಎತ್ತದಂತೆ ನೋಡಿಕೊಂಡೆವು. ಅವನ ತಿಳಿಯದಿರುವಿಕೆಯನ್ನು ಬೆಳೆಸಿದವರು ನಾವೇ ಆಗಿದ್ದರಿಂದ, ಅದನ್ನು ಕಳೆಯುವ ಹೊಣೆಯೂ ನಮ್ಮದೇ ಎಂದು ತೀರ್ಮಾನಿಸಿ ಮರುದಿನ ಬೆಳಿಗ್ಗೆಯಿಂದಲೇ ಪಾಠ ಆರಂಭಿಸಿದೆ.

ಮೊದಲ ಪಾಠ ಅನ್ನ. "ಅಕ್ಕೀನ ನೀರು ತಿಳಿಯಾಗೋವರೆಗೆ ತೊಳಿ" ಎಂದು ಹೇಳಿ ತರಕಾರಿ ಹೆಚ್ಚಲು ಕುಳಿತೆ. ಬಹಳ ಹೊತ್ತು ನಲ್ಲಿಯ ಸದ್ದು ನಿಲ್ಲಲಿಲ್ಲ. ಎದ್ದು ಹೋಗಿ ನೋಡಿದರೆ ಅವನು ಒಂಬತ್ತನೆಯ ಸಲ ತೊಳೆಯುತ್ತಿದ್ದ. ನೀರು ಕುಡಿಯುವ ನೀರಿನಷ್ಟು ತಿಳಿಯಾಗಲೆಂದು ಕಾಯುತ್ತಿದ್ದ, ಪ್ರತಿ ಸಲ ಬಸಿಯುವಾಗಲೂ ಒಂದಿಷ್ಟು ಅಕ್ಕಿ ಬೆರಳ ಸಂದಿಯಿಂದ ಜಾರಿ ಸಿಂಕಿನ ಜಾಲರಿಯಲ್ಲಿ ಗುಡ್ಡೆಯಾಗಿತ್ತು. ಎರಡು ಅಥವಾ ಮೂರು ಸಲ ಸಾಕು, ನೀರು ಸ್ವಲ್ಪ ಬೆಳ್ಳಗಿದ್ದರೂ ಪರವಾಗಿಲ್ಲ ಎಂದಾಗ ಅವನು ಕೈಯೊರೆಸಿಕೊಂಡು ಹೋಗಿ ತನ್ನ ರಸಾಯನಶಾಸ್ತ್ರದ ಪ್ರಯೋಗಗಳ ಹಳೆಯ ನೋಟುಪುಸ್ತಕ ತಂದ. ಅದರ ಕೊನೆಯಲ್ಲಿ ಖಾಲಿ ಉಳಿದಿದ್ದ ಹಾಳೆಗಳಲ್ಲಿ "ಅಕ್ಕಿ: 3 ಸಲ" ಎಂದು ಬರೆದುಕೊಂಡ. ಮುಂದಿನ ಆರು ವಾರ ಆ ಪುಸ್ತಕ ಅಡುಗೆಮನೆಯ ಕಟ್ಟೆ ಬಿಟ್ಟು ಕದಲಲಿಲ್ಲ.

ಅಲ್ಲಿಂದ ಶುರುವಾದದ್ದು ಅವನ ಪ್ರಶ್ನೆಗಳು. ಸಾರಿಗೆ ಉಪ್ಪು ಹಾಕು ಎಂದರೆ ಎಷ್ಟು ಎನ್ನುತ್ತಿದ್ದ, ರುಚಿಗೆ ತಕ್ಕಷ್ಟು ಎಂದರೆ ಯಾರ ರುಚಿಗೆ ಎನ್ನುತ್ತಿದ್ದ. ರವೆಯನ್ನು ಹದವಾಗಿ ಹುರಿ ಎಂದಾಗ ಸೌಟು ಕೆಳಗಿಟ್ಟು, "ಅಮ್ಮ, ನೀನು ಎಲ್ಲಕ್ಕೂ ಹದ ಹದ ಅಂತೀಯ. ಹದ ಅಂದ್ರೆ ಎಷ್ಟು ಗ್ರಾಂ, ಎಷ್ಟು ನಿಮಿಷ, ಅದನ್ನ ಹೇಳು" ಎಂದು ಕೇಳಿದ. ಅದು ತಮಾಷೆಗಾಗಿ ಕೇಳಿದ ಪ್ರಶ್ನೆಯಲ್ಲ. ಅವನಿಗೆ ನಿಜವಾಗಿಯೂ ಬೇಕಾಗಿದ್ದದ್ದು ಅಂಕಿ. ಕಣ್ಣಳತೆ, ಕೈಯಳತೆ, ಉಗುರುಬೆಚ್ಚಗೆ, ಒಂದು ಕುದಿ, ಎರಡು ಕುದಿ, ಘಮ ಬರುವವರೆಗೆ, ಎಣ್ಣೆ ಬಿಡುವವರೆಗೆ, ಮುದ್ದೆ ಕಟ್ಟುವ ಹೊತ್ತಿಗೆ ಎಂಬ ಮಾತುಗಳೆಲ್ಲ ನನ್ನ ಅತ್ತೆ ನನಗೆ ಕೊಟ್ಟ ಅಳತೆಗಳು, ಅವರಿಗೆ ಅವರ ತಾಯಿ ಕೊಟ್ಟವು. ಅವನ್ನು ಹತ್ತು ವರ್ಷ ಒಲೆಯ ಮುಂದೆ ನಿಂತವರು ಮಾತ್ರ ಬಳಸಬಲ್ಲರು. ಆರು ವಾರ ಮಾತ್ರ ಇರುವವನಿಗೆ ಅವುಗಳಿಂದ ಉಪಯೋಗವಿಲ್ಲವೆಂಬುದು ನನಗೆ ಅಂದು ಅರ್ಥವಾಯಿತು.

ಹಾಗಾಗಿ ನನ್ನ ಕೈಯನ್ನೇ ತೂಗಬೇಕಾಯಿತು. ಮಗಳು ಕೇಕು ಮಾಡಲೆಂದು ಕೊಂಡು ಬಿಟ್ಟುಹೋಗಿದ್ದ ಪುಟ್ಟ ತಕ್ಕಡಿಯನ್ನು ಹೊರತೆಗೆದು, ನಾನು ಐದು ಬೆರಳು ಕೂಡಿಸಿ ಎತ್ತುವ ಕಲ್ಲುಪ್ಪನ್ನು ಐದು ಸಲ ತೂಗಿದೆವು: 7, 8, 7, 9, 7 ಗ್ರಾಂ. ಇಪ್ಪತ್ತೈದು ವರ್ಷ ಒಂದೇ ಅಳತೆ ಎಂದು ನಾನು ನಂಬಿದ್ದ ಹಿಡಿ ಹೀಗೆ ಏರಿಳಿಯುವುದನ್ನು ಕಂಡು ನನಗೇ ಆಶ್ಚರ್ಯವಾಯಿತು. ನಮ್ಮ ಮನೆಯ ಹಳೆಯ ಹಿತ್ತಾಳೆ ಪಾವಿನಲ್ಲಿ ತಲೆ ಸವರಿ ತುಂಬಿದ ಸೋನಾ ಮಸೂರಿ ಅಕ್ಕಿ 210 ಗ್ರಾಂ ತೂಗಿತು. ರಾತ್ರಿ ಊಟಕ್ಕೆ ತಲೆಗೆ ಅರ್ಧ ಪಾವಿನಂತೆ ಮೂವರಿಗೆ ಒಂದೂವರೆ ಪಾವು, ಅಂದರೆ ತಿಂಗಳಿಗೆ ಒಂಬತ್ತೂವರೆ ಕೆಜಿಗೆ ಸ್ವಲ್ಪ ಕಡಿಮೆ ಎಂದು ಅವನೇ ಲೆಕ್ಕ ಹಾಕಿದ. ಒಂದು ಪಾವಿಗೆ ಎರಡು ಪಾವು ನೀರು, ಅಕ್ಕಿ ಹಳೆಯದಾಗಿದ್ದರೆ ನೀರು ಕೊಂಚ ಹೆಚ್ಚು, ಹೊಸದಾಗಿದ್ದರೆ ಕೊಂಚ ಕಡಿಮೆ ಎಂದು ನಾನು ಹೇಳುತ್ತಿದ್ದಂತೆ, ಅಕ್ಕಿ ಹಳೆಯದೋ ಹೊಸದೋ ಎಂದು ತಿಳಿಯುವುದು ಹೇಗೆ ಎಂದ. ಅಂಗಡಿಯವರನ್ನು ಕೇಳು, ಮೊದಲ ದಿನದ ಅನ್ನ ಮುದ್ದೆಯಾದರೆ ಮರುದಿನ ಕಾಲು ಪಾವು ನೀರು ಕಡಿಮೆ ಮಾಡು ಎಂದು ಬರೆಸಿದೆ.

ಅಂಗಡಿಯ ಪಾಠವನ್ನು ಪ್ರತ್ಯೇಕವಾಗಿ ಮಾಡಬೇಕೆಂದು ನನಗೆ ತೋಚಿರಲಿಲ್ಲ. ಗಾಂಧಿ ಬಜಾರಿನಲ್ಲಿ ನಾವು ಯಾವಾಗಲೂ ದಿನಸಿ ತರುವ ಅಂಗಡಿಗೆ ಅವನನ್ನು ಚೀಟಿ ಕೊಟ್ಟು ಕಳಿಸಿದ ಅರ್ಧ ಗಂಟೆಯಲ್ಲಿ ಅಂಗಡಿಯವರೇ ಫೋನು ಮಾಡಿ, "ಅಮ್ಮಾ, ಮನೇಲಿ ಏನಾದ್ರೂ ಕಾರ್ಯ ಇಟ್ಕೊಂಡಿದೀರಾ? ನಿಮ್ಮ ಮಗ ಅರ್ಧ ಕೇಜಿ ಇಂಗು ಕೇಳ್ತಿದಾರೆ" ಎಂದರು. ಸಾಸಿವೆ, ಜೀರಿಗೆ, ಮೆಂತ್ಯ, ಇಂಗು ಎಂದು ಬರೆದಿದ್ದೆನೇ ಹೊರತು ಎಷ್ಟೆಂದು ಬರೆದಿರಲಿಲ್ಲ. ಅಕ್ಕಿಬೇಳೆಗಳನ್ನು ಕೆಜಿ ಲೆಕ್ಕದಲ್ಲಿ ತರುವುದನ್ನು ನೋಡಿದ್ದವನು ಇವನ್ನೂ ಹಾಗೆಯೇ ತರಬೇಕೆಂದುಕೊಂಡಿದ್ದ. ಸಾಸಿವೆ 100 ಗ್ರಾಂ ತಂದರೆ ಮೂವರ ಮನೆಗೆ ತಿಂಗಳುಗಟ್ಟಲೆ ಬರುತ್ತದೆ, ಇಂಗಿನ ಚಿಕ್ಕ ಡಬ್ಬಿಯೂ ಹಾಗೆಯೇ ಎಂದು ಅವರೇ ತಿಳಿಹೇಳಿ ಕಳಿಸಿದರು. ಆ ದಿನ ಅವನು ತೊಗರಿಬೇಳೆಯ ಬದಲು ಕಡಲೆಬೇಳೆಯನ್ನೂ, ಕೊತ್ತಂಬರಿ ಸೊಪ್ಪಿನ ಬದಲು ಪುದಿನವನ್ನೂ ತಂದಿದ್ದರಿಂದ, ಮರುದಿನ ಊಟದ ಮೇಜಿನ ಮೇಲೆ ಮನೆಯಲ್ಲಿದ್ದ ಬೇಳೆಗಳನ್ನೆಲ್ಲ ಬಟ್ಟಲುಗಳಲ್ಲಿ ಸಾಲಾಗಿ ಇಟ್ಟು, ಮುಟ್ಟಿಸಿ, ಮೂಸಿಸಿ ಗುರುತು ಹಿಡಿಸಿದೆ. ಹೆಸರುಬೇಳೆ, ಉದ್ದಿನಬೇಳೆ, ತೊಗರಿ, ಕಡಲೆಗಳ ನಡುವಿನ ವ್ಯತ್ಯಾಸ ಇಷ್ಟು ಸೂಕ್ಷ್ಮವಾದದ್ದೆಂದು ಅವನ ಪಕ್ಕದಲ್ಲಿ ಕುಳಿತು ನೋಡುವವರೆಗೆ ನನಗೂ ಗೊತ್ತಾಗಿರಲಿಲ್ಲ.

ಉಪ್ಪಿಟ್ಟಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾನು ಕಲಿಸುವ ಕ್ರಮ ಬದಲಾದದ್ದು ಅಂದಿನಿಂದ. ನಾನು ಮನೆಯಲ್ಲಿಲ್ಲದ ಒಂದು ಬೆಳಿಗ್ಗೆ ಅವನು ಪುಸ್ತಕ ನೋಡಿಕೊಂಡು ಒಬ್ಬನೇ ಉಪ್ಪಿಟ್ಟು ಮಾಡಿದ. ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು, ಉಪ್ಪು, ಒಗ್ಗರಣೆ, ಯಾವುದರಲ್ಲೂ ತಪ್ಪಿರಲಿಲ್ಲ. ಆದರೆ ಅವನ ಕೈಗೆ ಸಿಕ್ಕಿದ್ದು ಚಿರೋಟಿ ರವೆಯ ಡಬ್ಬಿ. ನಾನು ಬರುವಷ್ಟರಲ್ಲಿ ಬಾಣಲೆಯಲ್ಲಿ ಸೌಟು ನೆಟ್ಟಗೆ ನಿಂತಿತ್ತು, ಗೋಡೆಗೆ ಪೋಸ್ಟರು ಹಚ್ಚುವ ಅಂಟಿನಂಥ ಮುದ್ದೆಯನ್ನು ತಟ್ಟೆಗೆ ಹಾಕಿಕೊಂಡು ಅವರಪ್ಪ ಒಂದು ಮಾತೂ ಆಡದೆ ತಿನ್ನುತ್ತಿದ್ದರು. ರವೆಯಲ್ಲಿ ಎರಡು ಬಗೆಯಿದೆ, ಉಪ್ಪಿಟ್ಟಿಗೆ ದಪ್ಪ ರವೆ ಆಗಬೇಕು ಎಂದು ನಾನು ಬರೆಸಿಯೇ ಇರಲಿಲ್ಲ. ಘಮ ಬರುವವರೆಗೆ ಹುರಿ ಎಂದು ಬರೆಸಿದ್ದೆ. ಆದರೆ ಅಂದು ಅವನಿಗೆ ಶೀತವಾಗಿ ಮೂಗು ಕಟ್ಟಿತ್ತು. "ಘಮ ಗೊತ್ತಾಗ್ಲಿಲ್ಲಮ್ಮ, ಅದಕ್ಕೆ ಐದು ನಿಮಿಷ ಅಂತ ಇಟ್ಕೊಂಡೆ" ಎಂದ. ನಾನು ಹೇಳುವ ಒಂದೊಂದು ಮಾತಿನ ಅಡಿಯಲ್ಲಿಯೂ ಹೇಳದೆ ಬಿಟ್ಟ ಹತ್ತು ಮಾತುಗಳಿರುತ್ತವೆ, ಅವು ನನಗೆ ಎಷ್ಟು ಸಹಜವೆಂದರೆ ನನ್ನ ಕಣ್ಣಿಗೇ ಬೀಳುವುದಿಲ್ಲ ಎಂಬುದು ಆಗ ಮನವರಿಕೆಯಾಯಿತು. ಅಂದಿನಿಂದ ನಾನು ಹೇಳಿಕೊಡುವುದನ್ನು ನಿಲ್ಲಿಸಿದೆ. ಅವನ ಪಾಡಿಗೆ ಮಾಡಲು ಬಿಟ್ಟು ಸ್ಟೂಲಿನ ಮೇಲೆ ಕುಳಿತು ನೋಡುವುದು, ಎಲ್ಲಿ ಕೈ ತಡೆಯುತ್ತದೆಯೋ ಅಲ್ಲಿ ಮಾತ್ರ ಬಾಯಿ ತೆರೆಯುವುದು ಎಂದು ನಿಯಮ ಮಾಡಿಕೊಂಡೆ. ಸುಮ್ಮನೆ ಕೂರುವುದು ನನಗೆ ಬಹಳ ಕಷ್ಟವಾಯಿತು.

ಹಾಗೆ ಕುಳಿತು ನೋಡಿದಾಗ ಕಂಡದ್ದು ಅಡುಗೆಮನೆಯ ಹೊರಗೂ ಬೇಕಾದಷ್ಟಿತ್ತು. ಅವನು ಫ್ಯಾನು ಹಾಕಿಕೊಂಡೇ ಕಸ ಗುಡಿಸುತ್ತಿದ್ದ, ಗುಡಿಸಿದ್ದೆಲ್ಲ ಹಿಂದಕ್ಕೆ ಹಾರುವುದನ್ನು ಕಂಡು ಮತ್ತೆ ಮೊದಲಿನಿಂದ ಗುಡಿಸುತ್ತಿದ್ದ. ನೆಲ ಒರೆಸುವಾಗ ಬಾಗಿಲಿನಿಂದ ಆರಂಭಿಸಿ ಒಳಗೊಳಗೆ ಸಾಗಿ, ಕೊನೆಗೆ ಬಾಗಿಲಿಗೆ ಎದುರಾದ ಮೂಲೆಯಲ್ಲಿ ಬಕೆಟ್ಟಿನೊಂದಿಗೆ ನಿಂತು, ನೆಲ ಒಣಗುವುದನ್ನೇ ಕಾಯುತ್ತ ಹತ್ತು ನಿಮಿಷ ಕಳೆದ. ಬಿಳಿಯ ಅಂಗಿಗಳನ್ನು ಹೊಸ ಕೆಂಪು ಟವೆಲಿನ ಜೊತೆ ನೆನೆಸಿ ಮೂರು ಅಂಗಿಗಳನ್ನು ನಸುಗೆಂಪು ಮಾಡಿದ. ಆಷಾಢದ ಮಳೆಯಲ್ಲಿ ಒಳಗಿನ ಹಗ್ಗದ ಮೇಲೆ ಬಟ್ಟೆಯ ಮೇಲೆ ಬಟ್ಟೆ ಹೇರಿ, ಮೂರನೆಯ ದಿನ ಅವು ಮುಗ್ಗಲು ವಾಸನೆ ಹೊಡೆದಾಗ, ಸೋಪು ಸಾಲಲಿಲ್ಲವೆಂದು ಎರಡರಷ್ಟು ಪುಡಿ ಹಾಕಿ ಮತ್ತೆ ಒಗೆದ. ಬಟ್ಟೆಗಳ ನಡುವೆ ಗಾಳಿಯಾಡುವಷ್ಟು ಜಾಗ ಬಿಡು, ಫ್ಯಾನಿನ ಕೆಳಗೆ ಹಾಕು ಎಂದ ಮೇಲೆ ಆ ಸಮಸ್ಯೆ ಬಗೆಹರಿಯಿತು. ಗುಂಡಿ ಹೊಲಿಯುವುದನ್ನು ಮಾತ್ರ ಒಂದೇ ಮಧ್ಯಾಹ್ನದಲ್ಲಿ, ನನಗಿಂತ ಅಚ್ಚುಕಟ್ಟಾಗಿ ಕಲಿತ.

ನಗುವಂತಿಲ್ಲದ ವಿಷಯಗಳೂ ಇದ್ದವು, ಅವುಗಳಿಗೆ ಹೆಚ್ಚು ದಿನ ಕೊಟ್ಟೆವು. ಒಂದು ಭಾನುವಾರ ಬಚ್ಚಲುಮನೆ ತೊಳೆಯಲು ಹೊರಟವನು, ಚೆನ್ನಾಗಿ ಹೋಗಲೆಂದು ಟಾಯ್ಲೆಟ್ ತೊಳೆಯುವ ಆಮ್ಲದ ಸೀಸೆಯನ್ನೂ ಬ್ಲೀಚಿಂಗ್ ಪುಡಿಯ ಡಬ್ಬಿಯನ್ನೂ ಒಟ್ಟಿಗೆ ಕೈಯಲ್ಲಿ ಹಿಡಿದಿದ್ದ. ನಾನು ಕೂಗಿ ನಿಲ್ಲಿಸಿದೆ. ಇವೆರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ನಾನು ಹೇಳಿದ್ದನ್ನು ಕೇಳಿ ಅವನು ಒಂದು ಕ್ಷಣ ಸುಮ್ಮನಿದ್ದು, ಆ ಕ್ರಿಯೆಯ ಸಮೀಕರಣವನ್ನು ಬಾಯಿಪಾಠವಾಗಿ ಹೇಳಿದ. ಪುಸ್ತಕದಲ್ಲಿ ಓದಿದ್ದ ಕ್ಯಾಲ್ಸಿಯಂ ಹೈಪೋಕ್ಲೋರೈಟೇ ತನ್ನ ಕೈಯಲ್ಲಿದ್ದ ಡಬ್ಬಿ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಆ ಹೊತ್ತಿನ ಅವನ ಮುಖವನ್ನು ನಾನು ಮರೆಯಲಾರೆ.

ಗ್ಯಾಸಿನ ವಿಷಯದಲ್ಲಿಯೂ ಹೀಗೆಯೇ ಆಯಿತು. ಎಲ್‌ಪಿಜಿಯೆಂದರೆ ಪ್ರೊಪೇನ್ ಮತ್ತು ಬ್ಯೂಟೇನ್, ಅದಕ್ಕೆ ಸ್ವಂತ ವಾಸನೆಯಿಲ್ಲ, ಸೋರಿದ್ದು ತಿಳಿಯಲೆಂದೇ ಮರ್ಕ್ಯಾಪ್ಟನ್ ಬೆರೆಸುತ್ತಾರೆ, ಅದು ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ ಎಂದೆಲ್ಲ ಅವನೇ ನನಗೆ ವಿವರಿಸಿದ. ಆದರೆ 14.2 ಕೆಜಿ ಅನಿಲವಿರುವ ಸಿಲಿಂಡರಿನ ಮುಚ್ಚಳವನ್ನು ದಾರ ಎಳೆದು ತೆಗೆಯುವುದು, ಒಳಗಿನ ವಾಷರ್ ಇದೆಯೇ ಎಂದು ನೋಡುವುದು, ರೆಗ್ಯುಲೇಟರನ್ನು ಕಟಕ್ಕೆಂದು ಕೂರಿಸುವುದು ಅವನಿಗೆ ಬರುತ್ತಿರಲಿಲ್ಲ. ಅವರಪ್ಪ ಅದನ್ನು ಹತ್ತು ಸಲ ಕೂರಿಸಿ, ಹತ್ತು ಸಲ ಬಿಚ್ಚಿಸಿ, ಕೊಳವೆಯ ಮೇಲಿನ ಅವಧಿಯನ್ನು ಓದಿಸಿ, ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸುವುದನ್ನು ಕಲಿಸಿದರು. ವಾಸನೆ ಬಂದರೆ ರೆಗ್ಯುಲೇಟರು ಮುಚ್ಚಬೇಕು, ಬಾಗಿಲು ಕಿಟಕಿ ತೆರೆಯಬೇಕು, ದೀಪದ ಸ್ವಿಚ್ಚನ್ನು ಹಾಕಲೂ ಬಾರದು ಆರಿಸಲೂ ಬಾರದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು ಎಂಬುದನ್ನು ಅವನ ಪುಸ್ತಕದಲ್ಲಿ ನಾನೇ ಕೆಂಪು ಶಾಯಿಯಲ್ಲಿ ಬರೆದೆ. ಬಕೆಟ್ಟಿನಲ್ಲಿ ನೀರು ಕಾಯಿಸುವ ರಾಡನ್ನು ನಾವು ಕೊಡಲೇ ಇಲ್ಲ. ಸ್ನೇಹಿತರಲ್ಲಿ ಯಾರಾದರೂ ತಂದರೆ, ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತ ಮೇಲಷ್ಟೇ ನೀರಿಗೆ ಬೆರಳು ತಾಗಿಸಬೇಕೆಂದು ಅವರಪ್ಪ ಆಣೆ ಮಾಡಿಸಿಕೊಂಡರು. ಕುಕ್ಕರಿನ ವಿಷಲ್ಲನ್ನು ಚಮಚದಿಂದ ಎತ್ತಿ ಆವಿ ಬಿಡುವ ಅವಸರ, ಮುಚ್ಚಳ ಬಾರದಿದ್ದಾಗ ಬಲವಂತವಾಗಿ ತಿರುಗಿಸುವ ಅವಸರ ಅವನಲ್ಲಿತ್ತು. ಒಳಗೆ ಒತ್ತಡವಿರುವಾಗ ನೀರು ಸುಮಾರು 120 ಡಿಗ್ರಿಯಲ್ಲಿರುತ್ತದೆ ಎಂದು ಅವನಿಗೇ ಗೊತ್ತಿತ್ತು. ಆ ಅಂಕಿಯನ್ನು ಮುಚ್ಚಳದ ಜೊತೆ ಜೋಡಿಸಿ ಹೇಳಿದ ಮೇಲೆ ಅವಸರ ತಾನಾಗಿಯೇ ನಿಂತಿತು.

ಔಷಧಿಯ ಡಬ್ಬಿಗೆ ಒಂದು ಸಂಜೆ ಸಾಕಾಯಿತು. ಭೇದಿಯಾದಾಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಎಂಬ ಅಳತೆ ಅಂಕಿಯಲ್ಲಿಯೇ ಇದ್ದುದರಿಂದ ಅವನಿಗೆ ಬಹಳ ಹಿಡಿಸಿತು.

ಕೊನೆಯ ವಾರ ಹೆಪ್ಪು ಹಾಕುವ ಪಾಠ. ಉಗುರುಬೆಚ್ಚಗೆ ಎಂದರೆ ಎಷ್ಟು ಎಂದು ಅವನು ಕೇಳುವನೆಂದು ಗೊತ್ತಿದ್ದರಿಂದ ಮೊದಲೇ ಸಿದ್ಧಳಾಗಿದ್ದೆ. ಕಾಯಿಸಿ ಆರಲಿಟ್ಟ ಹಾಲಿಗೆ ನಾನು ಕಿರುಬೆರಳು ಅದ್ದಿ "ಈಗ ಸರಿ" ಎಂದ ಕ್ಷಣದಲ್ಲಿ ಅವನು ಥರ್ಮಾಮೀಟರ್ ಇಳಿಬಿಟ್ಟ. 41 ಡಿಗ್ರಿ. ಮರುದಿನ 42, ಅದರ ಮರುದಿನ ಮತ್ತೆ 41. ನಾಲ್ಕನೆಯ ದಿನ ಅವನು ಥರ್ಮಾಮೀಟರನ್ನು ಬದಿಗಿಟ್ಟು ತನ್ನ ಬೆರಳನ್ನೇ ಅದ್ದಿ, ಸ್ವಲ್ಪ ಹೊತ್ತು ತಡೆದು, "ಇನ್ನೂ ಎರಡು ನಿಮಿಷ ಬಿಡಬೇಕು" ಎಂದ. ನಾನೂ ಬೆರಳದ್ದಿ ನೋಡಿದೆ. ಅವನು ಹೇಳಿದ್ದು ಸರಿಯಾಗಿತ್ತು.

ಹೊರಟ ದಿನ ಅವನ ಚೀಲದಲ್ಲಿ ಹಿತ್ತಾಳೆ ಪಾವು, ಕುಕ್ಕರು, ಮೆಣಸಿನಪುಡಿ, ಸಾರಿನಪುಡಿ, ಆ ನೋಟುಪುಸ್ತಕ, ಮತ್ತು ಮೂರು ಕವರಿನಲ್ಲಿ ಸುತ್ತಿದ ಸ್ಟೀಲಿನ ಪುಟ್ಟ ಡಬ್ಬಿಯಲ್ಲಿ ನಮ್ಮ ಮನೆಯ ಹೆಪ್ಪು ಇತ್ತು. ಮೊದಲ ತಿಂಗಳು ಫೋನು ಬಾರದ ದಿನವಿರಲಿಲ್ಲ. ಸಿಂಕು ಕಟ್ಟಿಕೊಂಡಿದೆ, ಸಕ್ಕರೆಗೆ ಇರುವೆ ಬಂದಿದೆ, ಹಸಿ ಕಸ ಒಣ ಕಸ ಬೇರೆ ಮಾಡಲಿಲ್ಲವೆಂದು ಕಸದ ಗಾಡಿಯವರು ಚೀಲ ವಾಪಸು ಕೊಟ್ಟರು, ಮೊಟ್ಟೆಯ ಸಿಪ್ಪೆ ಯಾವುದರಲ್ಲಿ ಹಾಕಬೇಕು ಎಂಬಂಥ ಕರೆಗಳು. ಎರಡನೆಯ ವಾರ ಮೂವರೂ ಒಟ್ಟಿಗೆ ಮೊಸರು ಖಾಲಿ ಮಾಡಿದ್ದರಿಂದ ಹೆಪ್ಪಿಗೂ ಉಳಿಯಲಿಲ್ಲ. ಅದೇ ರಾತ್ರಿ ಎಂಟು ಗಂಟೆಗೆ ಫೋನು ಬಂತು. ಕೆಳಗಿನ ಮನೆಯ ಆಂಟಿಯ ಹತ್ತಿರ ಲೋಟ ಹಿಡಿದು ಹೆಪ್ಪು ಕೇಳಲು ಹೋದೆ, ಅವರು ಇದ್ದರೂ ಕೊಡಲಿಲ್ಲ ಎಂದು ಅವನು ನೊಂದುಕೊಂಡಿದ್ದ. "ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಲ್ಲಪ್ಪ, ಬೆಳಿಗ್ಗೆ ಬಾ ಅಂದ್ರು. ಯಾಕಮ್ಮ, ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದು ಕೇಳಿದ.

ಮುಸ್ಸಂಜೆಯಾದ ಮೇಲೆ ಉಪ್ಪು, ಸೂಜಿ, ಹೆಪ್ಪುಗಳನ್ನು ಮನೆಯಿಂದ ಹೊರಗೆ ಕೊಡುವುದಿಲ್ಲ ಎಂಬುದನ್ನು ನಾನು ಅವನಿಗೆ ಹೇಳಿರಲಿಲ್ಲ. ಅದು ಅವರ ಸಿಟ್ಟಲ್ಲ, ನಮ್ಮ ಮನೆಯಲ್ಲಿಯೂ ಅಜ್ಜಿ ಕೊಡುತ್ತಿರಲಿಲ್ಲ, ಬೆಳಿಗ್ಗೆ ಹಾಲು ಕಾಯಿಸಿಟ್ಟುಕೊಂಡು ಹೋಗು ಎಂದೆ. ಮರುದಿನ ಆಂಟಿ ಅವನ ಪಾತ್ರೆಯ ಹಾಲಿಗೆ ತಾವೇ ಹೆಪ್ಪು ಹಾಕಿಕೊಟ್ಟು, ಬೆಂಗಳೂರಿನ ಚಳಿಗೆ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಅಕ್ಕಿ ಡಬ್ಬಿಯೊಳಗೆ ಇಡಲು ಹೇಳಿದರಂತೆ.

ದೀಪಾವಳಿಗೆ ಬಂದವನು ನನ್ನ ಜೊತೆ ಕಟ್ಟೆಯ ಮುಂದೆ ನಿಂತು ಬೀನ್ಸ್ ಹೆಚ್ಚುತ್ತ, ಹಿಂದಿನ ವಾರ ಆಂಟಿಯ ಮನೆಯಲ್ಲಿ ನೆಂಟರು ಬಂದು ಮೊಸರು ಮುಗಿದುಹೋಗಿತ್ತೆಂದೂ, ಅವರ ಮಗಳು ಬಟ್ಟಲು ಹಿಡಿದು ಮೇಲೆ ಬಂದಳೆಂದೂ ಹೇಳಿದ. "ಕೊಟ್ಯಾ?" ಎಂದು ಕೇಳಿದೆ. "ಐದೂವರೆಗೆ ಬಂದಿದ್ಲಮ್ಮ, ಇನ್ನೂ ಬೆಳಕಿತ್ತು, ಕೊಟ್ಟೆ" ಎಂದ.